ಲೈಮಸ್‌ನ ಗೋರಿಯ ಹೂಜಿ

ನನ್ನ ಅತ್ತೆಯಾದ ಫಿಬಿಯ ಹೂಜಿಯನ್ನು ಪಟ್ಟಣದ ಬಿಳಿಯ ಹೆಂಗಸರು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಬಿಳಿ ಪಿಂಗಾಣಿ, ಮೈತುಂಬ ನೀಲಿ ಬಳ್ಳಿ, ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಪಕ್ಕದಲ್ಲಿ ಮುದ್ದಾದ ಅಕ್ಷರದ ಚೀಟಿ: “ಹಾಲ್ಕಂಬ್ ಮನೆತನದ ಹೂಜಿ. ಯುದ್ಧದಲ್ಲಿ ಉತ್ತರದ ಸಿಪಾಯಿಗಳಿಂದ ಭಗ್ನಗೊಂಡದ್ದು.”

ಧೂಳು ಒರೆಸುವ ಬಟ್ಟೆ ಹಿಡಿದು ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಭಗ್ನವಂತೆ! ಯಾವ ಸಿಪಾಯಿಯೂ ಅದನ್ನು ಮುಟ್ಟಿರಲಿಲ್ಲ. ಆ ತೂತು ಹಾಕಿದವಳು ನನ್ನತ್ತೆ, ಒಂದು ಮೊಳೆ ಮತ್ತು ಒಂದು ಕಲ್ಲು ಇಟ್ಟುಕೊಂಡು, ಗಂಡ ಸತ್ತ ಮಾರನೆಯ ಬೆಳಿಗ್ಗೆ.

ನಮ್ಮ ದ್ವೀಪದಿಂದ ದೋಣಿಯಲ್ಲಿ ಹೋದರೆ ಕೋರ್ಟಿರುವ ಪಟ್ಟಣ. ಅಲ್ಲಿ ಹಳೆಯ ಮನೆತನಗಳ ಹೆಂಗಸರು ಸೇರಿ ಈ ವಸಂತದಲ್ಲಿ ಒಂದು ‘ನೆನಪಿನ ಕೋಣೆ’ ತೆರೆದಿದ್ದಾರೆ. ನೆಲ ಒರೆಸುವುದು, ಮೇಜಿನ ಬಟ್ಟೆ ಒಗೆಯುವುದು ನನ್ನ ಕೆಲಸವಾಗಿತ್ತು. ಹೊರಗೆ ಚೌಕದಲ್ಲಿ ಯುದ್ಧದಲ್ಲಿ ಸೋತ ದಕ್ಷಿಣದ ಕಡೆಯ ಸಿಪಾಯಿಯನ್ನೂ ಅಮೃತಶಿಲೆಯಲ್ಲಿ ನಿಲ್ಲಿಸಿದ್ದಾರೆ. ಅದರ ಮುಸುಕು ತೆಗೆದ ದಿನ ಒಬ್ಬ ವಕೀಲ ಬೆವರು ಸುರಿಸಿ ಭಾಷಣ ಮಾಡಿದ. ಯುದ್ಧದ ಮಹಾಪುರುಷರು ಯಾರು ಯಾರು, ಯಾವ ಯಾವ ದಿನ ದೇಶದ ಹಣೆಬರಹ ತಿರುಗಿತು ಎಂದು ಬೆರಳು ಮಡಚಿ ಮಡಚಿ ಹೇಳಿದ. ಗುಲಾಮರಾಗಿದ್ದ ನಮ್ಮ ಜನಕ್ಕಾಗಿ ಒಂದು ಕಿರುಬೆರಳೂ ಮಡಚಲಿಲ್ಲ. ಕೊನೆಯಲ್ಲಿ ಮಾತ್ರ “ನಮ್ಮ ನಿಷ್ಠಾವಂತ ಸೇವಕರು” ಎಂದು ಹಿಂದೆ ನಿಂತಿದ್ದ ನಮ್ಮ ಕಡೆಗೊಂದು ಮಾತು ಎಸೆದ, ಉಂಡಾದ ಮೇಲೆ ನಾಯಿಗೆ ಮೂಳೆ ಎಸೆಯುವ ಹಾಗೆ.

ಹಾಗಾಗಿ ನಾನೂ ಬರೆಯುತ್ತೇನೆ. ನನಗೆ ಅಕ್ಷರ ಕಲಿಸಿದ ಉತ್ತರದ ಟೀಚರಮ್ಮ, “ಟೈರಾ, ನಿನ್ನ ಬರಹ ಕೋಳಿ ಕೆದರಿದ ಹಾಗಿದೆ” ಎನ್ನುತ್ತಿದ್ದಳು. ಇರಲಿ. ಕೋಳಿ ಕೆದರಿದರೆ ಮಣ್ಣಿನಡಿ ಇದ್ದದ್ದಾದರೂ ಮೇಲೆ ಬರುತ್ತದೆ.

ಫಿಬಿ ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ. ಹಾಲ್ಕಂಬ್ ದಣಿಯ ಹತ್ತಿ ಹೊಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಹುಟ್ಟಿದಳು. ಗಂಡ ಲೈಮಸ್ ದಣಿಯ ದೋಣಿಗೆ ಹುಟ್ಟು ಹಾಕುವವನು. ಮೂರು ಮಕ್ಕಳು: ಸಿಲ್ವಿ, ಜೂಬಾ ಎಂಬ ಇಬ್ಬರು ಹೆಣ್ಣುಮಕ್ಕಳು, ಆಮೇಲೆ ಮಿಂಗೋ. ಈ ಮಿಂಗೋನೇ ಮುಂದೆ ನನ್ನ ಗಂಡನಾದವನು. ಅವನಿನ್ನೂ ಮೊಲೆ ಕುಡಿಯುತ್ತಿದ್ದಾಗ ದಣಿ ಇಬ್ಬರು ಹುಡುಗಿಯರನ್ನೂ ಸವಾನಾ ಪಟ್ಟಣದ ಗುಲಾಮರ ವ್ಯಾಪಾರಿಗೆ ಮಾರಿದ. ಅವರು ಜಡೆ ಹೆಣೆಸಿಕೊಳ್ಳುತ್ತ ಅವ್ವನ ಮುಂದೆ ಕೂತಿದ್ದರಂತೆ. ಜೂಬಾಳ ಜಡೆ ಅರ್ಧಕ್ಕೇ ನಿಂತಿತ್ತು. ಅದೇ ವರ್ಷ ದಣಿಯ ದೊಡ್ಡಮನೆಗೆ ಇಂಗ್ಲೆಂಡಿನಿಂದ ನೀಲಿ ಬಳ್ಳಿಯ ಪಿಂಗಾಣಿ ಬಂತು. ಯಾವ ದುಡ್ಡು ಎಲ್ಲಿಗೆ ಹೋಯಿತು ಎಂದು ತಿಳಿಯಲು ಓದು ಬರಹ ಬೇಕಿರಲಿಲ್ಲ.

ವಕೀಲನ ತಾರೀಕುಗಳು ಅವನಿಗೇ ಇರಲಿ. ನಮ್ಮ ದ್ವೀಪದ ಪಂಚಾಂಗ ಶುರುವಾಗುವುದು ತೋಪು ಹಾರಿದ ದಿನದಿಂದ. ಗುಲಾಮರನ್ನು ಇಟ್ಟುಕೊಂಡಿದ್ದ ನಮ್ಮ ದಕ್ಷಿಣದ ದಣಿಗಳ ಮೇಲೆ ಯುದ್ಧ ಹೂಡಿದ ಉತ್ತರದ ಹಡಗುಗಳು ಕೊಲ್ಲಿಯ ಬಾಯಿಗೆ ಬಂದು ಗುಂಡು ಹಾರಿಸಿದವು, ಬಿಳಿಯರೆಲ್ಲ ಕಾಲಿಗೆ ಬುದ್ಧಿ ಹೇಳಿದರು. ಹಾಲ್ಕಂಬ್ ದಂಪತಿ ತಟ್ಟೆಯಲ್ಲಿ ಬಾತುಕೋಳಿಯ ಮಾಂಸ ಬಿಟ್ಟು ಎದ್ದರು. ದೋಣಿ ಸಿದ್ಧ ಮಾಡು ಎಂದು ಲೈಮಸ್‌ನನ್ನು ಕೂಗಿದರೆ ಅವನೆಲ್ಲಿ? ಜೌಗಿನ ಹುಲ್ಲಿನೊಳಗೆ ಮೂಗಿನವರೆಗೆ ಮುಳುಗಿ ಕೂತಿದ್ದ. ದಣಿ ಬದುಕಿನಲ್ಲಿ ಮೊದಲ ಸಲ ತಾನೇ ಹುಟ್ಟು ಹಿಡಿದ. ದೋಣಿ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತಿದ್ದುದನ್ನು ನಮ್ಮವ್ವ ಸಾಯುವವರೆಗೂ ಅಭಿನಯಿಸಿ ತೋರಿಸುತ್ತಿದ್ದಳು.

ನಮ್ಮವ್ವನ ಹೆಸರು ಡೈಡೋ. ಫಿಬಿಯ ಪಕ್ಕದ ಗುಡಿಸಲಿನವಳು, ಮುಂದೆ ಬೀಗಿತ್ತಿ. ಆ ದಿನ ಎಲ್ಲರೂ ದೊಡ್ಡಮನೆಗೆ ನುಗ್ಗಿದಾಗ ಡೈಡೋ ಗರಿ ತುಂಬಿದ ಹಾಸಿಗೆ ಹೊತ್ತು ತಂದಳು. ಫಿಬಿ ತಂದದ್ದು ಹೂಜಿಯೊಂದೇ.

“ಅಲ್ಲಾ ಅಕ್ಕಯ್ಯ, ಬೆಳ್ಳಿ ಚಮಚ ಬಿದ್ದಿದ್ವು, ರೇಸಿಮೆ ಪರದೆ ಇದ್ವು. ನೀನು ನೀರು ಕುಡಿಯೋ ಹೂಜಿ ಎತ್ಕೊಂಬಂದ್ಯಲ್ಲ!” ಎಂದು ನಮ್ಮವ್ವ ಗೇಲಿ ಮಾಡಿದಳು.

“ನನ್ದೇನೈತೋ ಅದ್ನಷ್ಟೇ ತಂದೀನಿ, ಬುಡು” ಎಂದಳಂತೆ ಫಿಬಿ.

ಆಮೇಲಿನದು ಬೇಗ ಬೇಗ ನಡೆಯಿತು. ಉತ್ತರದ ಸೈನ್ಯದವರು ನಮ್ಮವರಿಗೂ ಬಂದೂಕು ಕೊಟ್ಟರು, ತಮ್ಮ ನೀಲಿ ಕೋಟು ಕೊಟ್ಟರು. ಹೊಸವರ್ಷದ ದಿನ ಓಕ್ ಮರಗಳ ಕೆಳಗೆ ಸ್ವಾತಂತ್ರ್ಯದ ಕಾಗದ ಓದಿದಾಗ ಲೈಮಸ್ ಆ ಕೋಟಿನಲ್ಲೇ ನಿಂತಿದ್ದ. ಎರಡು ವರ್ಷ ಕಾದಾಡಿ, ಎದೆಗೆ ಜೌಗಿನ ಶೀತ ಹಿಡಿಸಿಕೊಂಡು ಕೆಮ್ಮುತ್ತ ಮನೆಗೆ ಬಂದ. ಯುದ್ಧ ಗೆಲ್ಲುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ. ಕೊನೆಯ ಗುಟುಕನ್ನು ಫಿಬಿ ಆ ಹೂಜಿಯಿಂದಲೇ ಕುಡಿಸಿದಳು.

ನಮ್ಮಲ್ಲಿ, ಸತ್ತವರು ಕೊನೆಗೆ ಕೈಯಿಟ್ಟ ವಸ್ತು ಅವರದ್ದು. ಅದನ್ನು ಗೋರಿಯ ಮೇಲೆ ಇಡಬೇಕು, ಒಡೆದು ಇಡಬೇಕು. ಒಡೆಯದಿದ್ದರೆ ಸಾವಿನ ಸರಪಳಿ ಕಡಿಯುವುದಿಲ್ಲ, ಮನೆಯವರೂ ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಕುಡಿಯುವ ಪಾತ್ರೆಯಾದರೆ ತಳಕ್ಕೆ ತೂತು ಹಾಕುತ್ತೇವೆ. ಮಳೆಯ ನೀರು ಅದರ ಮೂಲಕ ಕೆಳಗಿರುವವರಿಗೆ ಇಳಿಯುತ್ತದೆ. ಹಾಗೆ ಇಟ್ಟದ್ದನ್ನು ಹಸಿದು ಸಾಯುತ್ತಿರುವ ಕಳ್ಳನೂ ಮುಟ್ಟುವುದಿಲ್ಲ. ನಮ್ಮ ಸ್ಮಶಾನದಲ್ಲಿ ಲೋಟ, ದೀಪ, ಔಷಧದ ಸೀಸೆ, ಶಂಖ, ಎಲ್ಲವೂ ಬಿಸಿಲಲ್ಲಿ ಬಿದ್ದಿರುತ್ತವೆ. ಫಿಬಿ ಹೂಜಿಯ ತಳ ಕೊರೆದು ಲೈಮಸ್‌ನ ತಲೆಯ ಹತ್ತಿರ ಇಟ್ಟಳು.

ಆ ವರ್ಷವೇ ಸರ್ಕಾರ ನಮಗೆ ಭೂಮಿ ಹಂಚಿತು. ದಣಿಗಳು ಬಿಟ್ಟು ಓಡಿದ ಭೂಮಿ, ನಾವು ಹುಟ್ಟಿದಾಗಿನಿಂದ ಅಗೆದ ಭೂಮಿ. ಜನ ಕಪ್ಪುಮಣ್ಣಿನ ಹತ್ತಿ ಹೊಲಕ್ಕೆ ಮುಗಿಬಿದ್ದರು. ಫಿಬಿ ಮಾತ್ರ ತೊರೆಯ ದಂಡೆಯ ಸ್ಮಶಾನದ ತುಂಡು ಕೇಳಿದಳು.

“ಮರಳು, ಮುಳ್ಳು, ಹೆಣ. ಇನ್ನೇನೈತಕ್ಕಯ್ಯ ಅಲ್ಲಿ?” ಎಂದಳು ಡೈಡೋ.

“ನಿನ್ ಹೊಲ್ದಲ್ಲಿ ಹತ್ತಿ ಐತೆ, ನನ್ ಹೊಲ್ದಲ್ಲಿ ಗಂಡ ಅವ್ನೆ. ಯಾರ್ ಹೊಲ ಚೆನ್ನಾಗೈತೆ?”

“ನನ್ ಗಂಡ ಬದ್ಕವ್ನೆ ಕಣಕ್ಕಯ್ಯ. ಆದ್ರೂ ಹತ್ತಿನೇ ವಾಸಿ!”

ಗೋರಿಗಳ ಸುತ್ತ ಫಿಬಿ ಜೋಳ ಬಿತ್ತಿದಳು, ಗೆಣಸು ಹಾಕಿದಳು. ಒಂದು ಬೆಳೆ ಬಂತು. ಒಂದೇ ಒಂದು.

ನಮಗೆ ಬಿಡುಗಡೆ ಕೊಟ್ಟ ಅಧ್ಯಕ್ಷನನ್ನು ಕೊಂದರು. ಅವನ ಜಾಗಕ್ಕೆ ಬಂದವನು ಓಡಿಹೋಗಿದ್ದ ದಣಿಗಳಿಗೆಲ್ಲ ಕ್ಷಮೆ ಹಂಚಿದ, ಕ್ಷಮೆಯ ಜೊತೆಗೆ ಭೂಮಿಯನ್ನೂ. ದೇಶದ ಮೇಲೆ ಬಂದೂಕು ಎತ್ತಿದವರಿಗೆ ಹೊಲ. ದೇಶಕ್ಕಾಗಿ ಬಂದೂಕು ಹಿಡಿದವನ ಹೆಂಡತಿಗೆ ಬೀದಿ. ಹಾವಿಗೆ ಹಾಲು, ಹಸುವಿಗೆ ಬರೆ. ಆ ವಕೀಲ ಬೆರಳು ಮಡಚುವಾಗ ಈ ದಿನಕ್ಕೆ ಬಂದು ಮುಷ್ಟಿಯನ್ನೇ ಕಟ್ಟಬೇಕಿತ್ತು. ಅವನು ಇದನ್ನು ಹೇಳಲೇ ಇಲ್ಲ.

ಸುದ್ದಿ ಹೇಳಲು ಸೈನ್ಯದ ಅಧಿಕಾರಿಯೊಬ್ಬ ನಮ್ಮ ಚರ್ಚಿಗೆ ಬಂದ. ಒಳ್ಳೆಯ ಮನುಷ್ಯನೇ, ಮುಖದಲ್ಲಿ ನಾಚಿಕೆ ಇತ್ತು. ಹಳೆಯ ದಣಿಗಳನ್ನು ಮನಸಾರೆ ಕ್ಷಮಿಸಿ, ಅವರ ಜೊತೆ ಕೂಲಿಯ ಒಪ್ಪಂದ ಮಾಡಿಕೊಳ್ಳಿ ಎಂದ.

ಫಿಬಿ ಎದ್ದು ನಿಂತಳು. “ಕ್ಷಮೆ ಬೇಕಿದ್ರೆ ನನ್ ತಾವ ಬಂದು ಕೇಳ್ಲಿ ಸ್ವಾಮಿ. ಹೊಲ ಯಾಕ್ ಕೇಳ್ತಾರೆ?”

ಅಧಿಕಾರಿ ತಲೆ ತಗ್ಗಿಸಿದ. ತಲೆ ತಗ್ಗಿಸಿದವರನ್ನು ನಾವು ಬಹಳ ನೋಡಿದ್ದೇವೆ. ತಗ್ಗಿಸಿದ ತಲೆಯಿಂದ ಯಾರ ಹೊಲವೂ ಉಳಿಯಲಿಲ್ಲ.

ಹಾಲ್ಕಂಬ್ ದಂಪತಿ ಮರಳಿ ಬಂದರು. ಮನೆಯ ಸೂರು ಸೋರುತ್ತಿತ್ತು, ಅಡಿಗೆಮನೆಯಲ್ಲಿ ಇಲಿಗೂ ಕಾಳಿರಲಿಲ್ಲ. ಆದರೂ ಮಿಸೆಸ್ ಹಾಲ್ಕಂಬ್ ಕೈಗವಸು ಇಲ್ಲದೆ ಹೊರಗೆ ಬರುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಒಂದು ಬೆಳಿಗ್ಗೆ ಛತ್ರಿ ಹಿಡಿದು ತನ್ನ ‘ಆಸ್ತಿ’ ನೋಡುತ್ತ ತೊರೆಯ ಕಡೆ ಬಂದಳು. ಫಿಬಿ ಗೆಣಸಿನ ಸಾಲಿನಲ್ಲಿದ್ದಳು. ಮುಂದೆ ನಡೆದದ್ದನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾಳೆ.

“ಫಿಬಿ! ಅದು ನನ್ನ ಹೂಜಿ ಅಲ್ವಾ?”

“ಲೈಮಸ್ದು.”

“ಏನಂದೆ? ನನ್ನ ಮದುವೆ ದಿನದ ಸೆಟ್ಟಿನ ಜೊತೆ ಇಡ್ಲಿ ಅಂತ ತರಿಸಿದ್ದು ಅದು. ಕದ್ದಿದ್ದೂ ಅಲ್ದೆ ಕಸದ ಜೊತೆ ಇಟ್ಟಿದೀಯ!”

“ಕಸ ಅಲ್ಲ. ಗೋರಿ.”

“ಹೀಗೆ ಮೊಂಡುತನ ಮಾಡ್ಬೇಡ. ನಾವು ನಿನ್ನನ್ನ ಮನೆಮಗಳ ಹಾಗೆ ನೋಡ್ಕೊಂಡಿರ್ಲಿಲ್ವಾ?”

ಫಿಬಿ ಗುದ್ದಲಿ ನೆಲಕ್ಕೂರಿದಳು. ಅಮ್ಮಾವ್ರೇ ಎನ್ನಲಿಲ್ಲ; ಆ ಮಾತನ್ನು ತೋಪು ಹಾರಿದ ದಿನವೇ ಬಿಟ್ಟಿದ್ದಳು. “ಮನೆಮಕ್ಳುನ್ನ ಮಾರಿ ಪಿಂಗಾಣಿ ತಂದ್ರಲ್ಲ, ಅದನ್ನ ಹೇಳ್ತಿದ್ದೀರಾ? ಸಿಲ್ವಿ ಎಲ್ಲವ್ಳೆ? ಜೂಬಾ ಎಲ್ಲವ್ಳೆ? ಅವ್ರುನ್ನ ತಂದ್ಕೊಡಿ, ಹೂಜಿ ತಕ್ಕೊಂಡೋಗಿ. ಇದಕ್ಕೆ ಬೆಲೆ ಕೊಟ್ಟೋಳು ನಾನು.”

ಮಿಸೆಸ್ ಹಾಲ್ಕಂಬ್ ಛತ್ರಿ ತಿರುಗಿಸಿಕೊಂಡು ಹೋದಳು. ತಳವೇ ಇಲ್ಲದ ಹೂಜಿ! ಒಂದು ತೊಟ್ಟು ನೀರು ನಿಲ್ಲದ ಪಾತ್ರೆ! ಅದು ಅವಳಿಗೇಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಿದ್ದದ್ದು ಹೂಜಿಯಲ್ಲ. ಫಿಬಿಯ ಕೈಯಲ್ಲಿ ‘ನನ್ನದು’ ಎನ್ನುವಂಥದ್ದು ಒಂದೂ ಇರಬಾರದು, ಅಷ್ಟೇ.

ಎರಡು ದಿನದ ಮೇಲೆ ಹಾಲ್ಕಂಬ್ ದೂರು ಕೊಟ್ಟ. ಕಳವಿನ ಮಾಲು ವಶಪಡಿಸಿಕೊಳ್ಳಲು ಪಟ್ಟಣದ ಸೈನ್ಯದ ಠಾಣೆಯಿಂದ ಸಿಪಾಯಿಗಳು ಬಂದರು. ನೀಲಿ ಕೋಟು. ಮುಂದೆ ನಿಂತವನು ಸಾರ್ಜೆಂಟ್ ಬ್ರಿಸ್ಟಲ್, ನಮ್ಮವನೇ, ಲೈಮಸ್ ಜೊತೆ ಒಂದೇ ಡೇರೆಯಲ್ಲಿ ಮಲಗಿದವನು. ಗೆದ್ದ ಸೈನ್ಯ ಸೋತವನ ಹೂಜಿ ಹುಡುಕಿಕೊಂಡು ತನ್ನದೇ ಸಿಪಾಯಿಯ ಗೋರಿಗೆ ಬಂದಿತ್ತು. ಇಂಥ ಗೆಲುವಿಗೆ ಬೆಂಕಿ ಬೀಳಲಿ.

ಬ್ರಿಸ್ಟಲ್ ಹೂಜಿ ನೋಡಿದ, ತಲೆಯ ಟೋಪಿ ತೆಗೆದ.

“ಇದು ಲೈಮಸ್ದಾ ಅಕ್ಕ?”

“ಹೂಂ ಕಣಪ್ಪ.”

“ನಂಗ್ ಹುಕುಮು ಆಗೈತೆ.”

“ಆಗಿದ್ರೆ ಎತ್ಕೊ. ನಾನು ಅಡ್ಡ ಬರಲ್ಲ. ಮುಂದಿನ್ ಮಾತು ಲೈಮಸ್ಗೂ ನಿಂಗೂ ಬಿಟ್ಟಿದ್ದು.”

ಬ್ರಿಸ್ಟಲ್ ಬಗ್ಗಲಿಲ್ಲ. ಹಿಂದಿದ್ದ ಸಿಪಾಯಿಗಳೂ ಬಗ್ಗಲಿಲ್ಲ. “ನನ್ ತೋಳಿನ ಸಾರ್ಜೆಂಟ್ ಪಟ್ಟಿ ಕಿತ್ಕೊಂಡ್ರೂ ಸರಿ, ನಾನ್ ಇದ್ನ ಮುಟ್ಟಕಿಲ್ಲ” ಎಂದ. ಆಗ ಹಾಲ್ಕಂಬನ ಹೊಸ ಮೇಸ್ತ್ರಿ ಕ್ರೌಚ್, ಒಳನಾಡಿನಿಂದ ಬಂದ ಬಿಳಿಯ, “ಹೆದರುಪುಕ್ಕಲ ನನ್ಮಕ್ಳು” ಎಂದು ನಗುತ್ತ ಹೂಜಿಯ ಕಿವಿ ಹಿಡಿದು ಎತ್ತಿಕೊಂಡು ನಡೆದ. ಬ್ರಿಸ್ಟಲ್‌ನ ಪಟ್ಟಿ ಹೋಯಿತು ಎಂದು ಆಮೇಲೆ ಕೇಳಿದೆವು.

ಗೋರಿಯ ತಲೆಯ ಹತ್ತಿರ ಹೂಜಿ ಇದ್ದ ಜಾಗದಲ್ಲಿ ದುಂಡನೆಯ ಗುರುತು ಉಳಿಯಿತು. ಫಿಬಿ ಅದನ್ನು ಮುಚ್ಚಲೂ ಇಲ್ಲ, ಅಲ್ಲಿ ಬೇರೆ ಪಾತ್ರೆ ಇಡಲೂ ಇಲ್ಲ. ಸತ್ತವರು ಕೊನೆಗೆ ಮುಟ್ಟಿದ್ದರ ಬದಲು ಇನ್ನೊಂದು ನಡೆಯುವುದಿಲ್ಲ.

“ಅವ್ನಿಗೆ ಬಾಯಾರ್ತದೆ ಡೈಡೋ. ಜ್ವರದಲ್ಲಿ ಹೋದೋನು” ಎಂದಳಂತೆ. ಅವಳು ಅತ್ತದ್ದನ್ನು ನಮ್ಮವ್ವ ನೋಡಿದ್ದು ಆವತ್ತೊಂದೇ ದಿನ.

ನಮ್ಮ ಕಡೆ ಹತ್ತಿ ಹೊಲವನ್ನು ಪಾಲು ಪಾಲಾಗಿ ಗುರುತು ಹಾಕಿರುತ್ತಾರೆ. ಒಬ್ಬೊಬ್ಬಳಿಗೂ ಅವಳದೇ ಪಾಲು, ಅದೇ ಅವಳ ದಿನದ ಕೆಲಸ. ಬೇಗ ಮುಗಿಸಿದರೆ ಉಳಿದ ಹೊತ್ತು ಅವಳದು. ಗುಲಾಮಗಿರಿಯಲ್ಲೂ ಆ ಹೊತ್ತನ್ನು ದಣಿ ಮುಟ್ಟುತ್ತಿರಲಿಲ್ಲ. ಇನ್ನೊಬ್ಬಳ ಪಾಲಿಗೆ ಅವಳು ಕರೆಯದೆ ಗುದ್ದಲಿ ಹಾಕುವುದು ಅವಳ ಮನೆಗೆ ಕರೆಯದೆ ನುಗ್ಗಿದ ಹಾಗೆ. ಇದು ಅಜ್ಜಿಯರ ಕಾಲದ ಕಟ್ಟಳೆ. ಆ ವಸಂತದಲ್ಲಿ ಎಲ್ಲರೂ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಇಳಿದಿದ್ದರು. ಫಿಬಿಯೂ ಇಳಿದಿದ್ದಳು, ಸ್ಮಶಾನದ ಅಂಚಿನ ಗುಡಿಸಲು ಉಳಿಯಲಿ ಎಂದು. ಹೂಜಿ ಹೋದ ಮಾರನೆಯ ದಿನದಿಂದ ಅವಳು ತನ್ನ ಪಾಲಿಗೆ ಗುದ್ದಲಿ ಹಾಕಲಿಲ್ಲ. ಬದುವಿನ ಮೇಲೆ ಪೈಪು ಸೇದುತ್ತ ಕೂತಳು.

ಕ್ರೌಚ್ ನಮ್ಮವ್ವನನ್ನು ಕೂಗಿದ. “ಏಯ್, ಅವಳ ಪಾಲಿನ ಕಳೆಯನ್ನೂ ನೀನೇ ಕೆತ್ತು.”

“ಅದು ಫಿಬಿಯಕ್ಕಂದು ಸ್ವಾಮಿ. ನಾವು ಇನ್ನೊಬ್ರ ಪಾಲು ಮುಟ್ಟಕಿಲ್ಲ. ನೀವು ಮುಟ್ತೀರಿ, ನಿಮ್ಗೆ ಅಭ್ಯಾಸ ಐತೆ. ನೀವೇ ಕೆತ್ಕೊಳಿ.”

ಹೊಲದ ಹೆಂಗಸರೆಲ್ಲ ಕಿಸಕ್ಕೆಂದರು. ಕ್ರೌಚ್ ಒಬ್ಬೊಬ್ಬರನ್ನೇ ಕೇಳಿದ, ಬೈದ, ಕೂಲಿ ಹಿಡಿಯುತ್ತೇನೆಂದ. ಎಲ್ಲರದ್ದೂ ಒಂದೇ ಉತ್ತರ. ದೊಡ್ಡಮನೆಯ ಜಗಲಿಯ ನೇರಕ್ಕೆ, ಅಚ್ಚುಕಟ್ಟಾದ ಹತ್ತಿಯ ನಟ್ಟನಡುವೆ, ಒಂದು ಚೌಕ ಹುಲ್ಲು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕ್ರೌಚ್ ತಾನೇ ಗುದ್ದಲಿ ಹಿಡಿದು ಒಂದು ಮಧ್ಯಾಹ್ನ ಕೆತ್ತಿ, ಹುಲ್ಲಿಗಿಂತ ಹತ್ತಿಯನ್ನೇ ಹೆಚ್ಚು ಕಡಿದು, ಬೊಬ್ಬೆ ಬಂದ ಕೈ ಊದಿಕೊಳ್ಳುತ್ತ ಹೋದ. ಹುಲ್ಲು ಬೀಜ ಬಿಡುವ ಹೊತ್ತಾಯಿತು. ಬೀಜ ಬಿದ್ದರೆ ಸುತ್ತಲಿನ ಹೊಲವೂ ಹೋದ ಹಾಗೆ.

ಹಾಲ್ಕಂಬ್ ತಾನೇ ಬದುವಿಗೆ ಬಂದ. “ಫಿಬಿ, ನಿನಗೇನು ಬೇಕು ಹೇಳು. ಬೇರೆ ಹೂಜಿ ಕೊಡ್ಲಾ? ಇಡೀ ಹೂಜಿ, ತೂತಿಲ್ಲದ್ದು?”

“ಲೈಮಸ್ದು ಕೊಡಿ.”

ಪಾಪ, ಅವನು ಕೊಡುತ್ತಿದ್ದನೇನೋ. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ. “ಇವತ್ತು ಹೂಜಿ ಕೊಟ್ಟರೆ ನಾಳೆ ಮನೆ ಕೇಳ್ತಾರೆ” ಎಂದು ಅವಳು ಕಿರುಚಿದ್ದು ಅಂಗಳಕ್ಕೂ ಕೇಳಿಸಿತು. ಹುಲ್ಲು ಬೀಜ ಬಿಟ್ಟಿತು. ಆ ವರ್ಷ ಹಾಲ್ಕಂಬನ ಹತ್ತಿ ಅರ್ಧಕ್ಕರ್ಧ ಹಾಳಾಯಿತು. ಒಂದು ಒಡಕು ಹೂಜಿಗಾಗಿ! ಇವರನ್ನು ವಿದ್ಯಾವಂತರು, ಆಳಲು ಹುಟ್ಟಿದವರು ಎಂದು ಆ ವಕೀಲ ಕರೆದ.

ಶಿಕ್ಷೆ ಮಾತ್ರ ಫಿಬಿಗೆ. ಒಪ್ಪಂದ ಮುರಿದಳೆಂದು ಗುಡಿಸಲಿನಿಂದ ಎಬ್ಬಿಸಿದರು. ಅವಳು ಮಿಂಗೋನನ್ನು ಕರೆದುಕೊಂಡು ಜೌಗಿನಾಚೆ ತಾಳೆಗರಿಯ ಗುಡಿಸಲು ಹಾಕಿ, ಕಡಲು ಇಳಿದ ಹೊತ್ತಿಗೆ ಚಿಪ್ಪಿನ ಸಿಂಪಿ ಆಯ್ದು ಮಾರಿ ಬದುಕಿದಳು. ಅವಳ ಬೆರಳುಗಳು ಸಿಂಪಿಯ ಅಂಚಿಗೆ ಸೀಳಿ ಸೀಳಿ ಮರದ ತೊಗಟೆಯಂತಾಗಿದ್ದವು. ದಕ್ಷಿಣದಿಂದ, ಸವಾನಾ ಕಡೆಯಿಂದ, ಯಾವ ದೋಣಿ ಬಂದರೂ ಕಟ್ಟೆಗೆ ಹೋಗಿ ಇಳಿದವರ ಮುಖ ನೋಡುತ್ತಿದ್ದಳು, ಸಿಲ್ವಿಯೋ ಜೂಬಾಳೋ ಬಂದಾರೆಂದು. ಬರಲಿಲ್ಲ.

ನಡುವೆ ಒಂದಿಷ್ಟು ಒಳ್ಳೆಯ ವರ್ಷಗಳೂ ಇದ್ದವು, ಸುಳ್ಳು ಹೇಳಬಾರದು. ನಮ್ಮ ಗಂಡಸರಿಗೆ ಓಟು ಬಂತು. ಮೊದಲ ಚುನಾವಣೆಯ ದಿನ ಅವರು ಬಂದೂಕುಗಳನ್ನು ಚರ್ಚಿನ ಗೋಡೆಗೆ ಒರಗಿಸಿ ಸಾಲಿನಲ್ಲಿ ನಿಂತರೆ, ಫಿಬಿ ಮತ್ತು ನಮ್ಮವ್ವ ಗುದ್ದಲಿ ಹಿಡಿದು ಆ ಬಂದೂಕುಗಳನ್ನು ಕಾದರು. ಯಾರ ಗಂಡ ಹೆದರಿ ಸಾಲು ಬಿಟ್ಟು ಹೋಗುತ್ತಾನೋ ಅವನಿಗೆ ರಾತ್ರಿ ಗಂಜಿ ಇಲ್ಲ ಎಂದು ನಮ್ಮವ್ವ ಡಂಗುರ ಹೊಡೆದಿದ್ದಳು. ಯಾರೂ ಹೋಗಲಿಲ್ಲ. ನಮ್ಮವರೇ ಸೇರಿ ನಡೆಸಿದ ಸರ್ಕಾರ ಶಾಲೆ ಕಟ್ಟಿತು, ತೆರಿಗೆ ಕಟ್ಟದ ದಣಿಗಳ ಭೂಮಿಯನ್ನು ತುಂಡು ಮಾಡಿ ಮಾರಿತು. ಆಗ ಫಿಬಿ ಸ್ಮಶಾನದ ಆ ಮರಳು ತುಂಡನ್ನು ಕೊಂಡಳು. ಮೊದಲು ಕೊಟ್ಟು ಕಸಿದುಕೊಂಡ ತನ್ನದೇ ನೆಲವನ್ನು ಬೆಲೆ ಕೊಟ್ಟು ಕೊಂಡಳು ಎಂದು ಹೇಳಬೇಕು.

ನೆಲ ಬಂತು, ಹೂಜಿ ಬರಲಿಲ್ಲ. ವರ್ಷಕ್ಕೊಮ್ಮೆ, ತೋಪು ಹಾರಿದ ದಿನ, ಫಿಬಿ ಒಗೆದ ಉಡುಪು ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿ, ದೊಡ್ಡಮನೆಯ ಮುಂಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಹಿಂಬಾಗಿಲಿಗಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಜೊತೆಗೆ ಹೋಗುತ್ತಿದ್ದೆ.

“ಲೈಮಸ್ ಹೂಜಿಗೆ ಬಂದಿವ್ನಿ.”

“ಮತ್ತೆ ಬಂದ್ಯಾ? ಅದರಲ್ಲಿ ನಾನು ಒಣಗಿದ ಹೂ ಇಟ್ಟಿದೀನಿ. ತುಂಬಾ ಚೆನ್ನಾಗಿ ಕಾಣ್ಸತ್ತೆ.”

“ಹೂವ ತೆಗೀರಿ. ಸತ್ತೋರ ಪಾತ್ರೆ ಮನೇಲಿ ಇರಬಾರ್ದು, ನಿಮ್ ಒಳ್ಳೇದಕ್ಕೇ ಹೇಳ್ತಾ ಇವ್ನಿ.”

“ನಿಮ್ಮ ಮಾಟ ಮಂತ್ರ ಎಲ್ಲ ನನ್ನ ಹತ್ರ ಬೇಡ.”

ಬಾಗಿಲು ಮುಚ್ಚುತ್ತಿತ್ತು. ದಾರಿಯಲ್ಲಿ ನಾನು ಹಲ್ಲು ಕಡಿದರೆ ಅತ್ತೆ ಗದರುತ್ತಿದ್ದಳು: “ಹಲ್ಲು ಯಾಕ್ ಸವೆಸ್ತೀಯ ಟೈರಾ, ಸಿಂಪಿ ತಿನ್ನಾಕೆ ಬೇಕಾಯ್ತವೆ. ಉಪ್ಪು ತಿಂದೋರು ನೀರು ಕುಡೀಲೇಬೇಕು. ಅವ್ರ ಹೂಜಿಲಿ ನೀರು ನಿಲ್ಲಕಿಲ್ಲ, ಅದೇ ತಮಾಸೆ.”

ಒಳ್ಳೆಯ ವರ್ಷಗಳು ಮುಗಿದವು. ಉತ್ತರದ ಸೈನ್ಯ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಕೆಂಪಂಗಿ ತೊಟ್ಟು ಕುದುರೆ ಏರಿದ ಬಿಳಿಯರು ಬಂದರು. ಕೆಲವರನ್ನು ಹೊಡೆದರು, ಕೆಲವರನ್ನು ಕೊಂದರು, ಆಮೇಲೆ ಅದನ್ನೇ ಕಾನೂನು ಮಾಡಿ ಬರೆದುಕೊಂಡರು. ಹದಿನೆಂಟು ವರ್ಷ ಓಟು ಹಾಕಿದ ನನ್ನ ಮಿಂಗೋನನ್ನು ಎಳೆ ಮೀಸೆಯ ಗುಮಾಸ್ತನೊಬ್ಬ ಕೂರಿಸಿಕೊಂಡು, ಸಂವಿಧಾನದ ಒಂದು ತುಣುಕು ಓದಿಸಿ ಅರ್ಥ ಹೇಳು ಎಂದ. ಮಿಂಗೋ ಹೇಳಿದ. ಗುಮಾಸ್ತ ತಪ್ಪು ಎಂದ. ಹಾಗಾದರೆ ಸರಿ ಯಾವುದು ಎಂದು ಕೇಳಿದ್ದಕ್ಕೆ ಹೊರಗೆ ಹಾಕಿದ. ಮನೆಗೆ ಬಂದು ಮಿಂಗೋ ಮೂಲೆಯಲ್ಲಿ ಕೂತದ್ದನ್ನು ನೋಡಿ ಅತ್ತೆ, “ಪಾಲು ಕಿತ್ಕೊಂಡ್ರಾ? ಇರ್ಲಿ ಬುಡು. ಅವ್ರು ಎಷ್ಟು ದಿನ ಕೆತ್ತಾರು, ಹುಲ್ಲು ನಮ್ದೇ” ಎಂದಳು. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಇಂದಿಗೂ ಕೊಟ್ಟಿಲ್ಲ.

ಅತ್ತೆ ಸತ್ತದ್ದು ಅದಾಗಿ ಮೂರನೆಯ ವರ್ಷ. ತಗಡಿನ ಲೋಟದಿಂದ ನಾನು ನೀರು ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದಳು.

“ಟೈರಾ, ಈ ಲೋಟನ ಗೋರಿ ಮ್ಯಾಲೆ ಇಡ್ಬ್ಯಾಡ.”

“ಅದೇನತ್ತೆ ಹಂಗಂತೀಯ? ಜನ ಏನಂದಾರು?”

“ಅವ್ನ ಹೂಜಿ ಬರೋಗಂಟ ಇಡ್ಬ್ಯಾಡ. ಅವ್ನು ಬಾಯಾರ್ಕೊಂಡು ಮಲಗವ್ನೆ, ಪಕ್ಕದಲ್ಲಿ ನಾನು ನೀರು ಕುಡೀಲಾ? ಇಬ್ರಿಗೂ ಒಂದೇ ದಿನ ಕೊಡು. ನೀನೇ ಕೊಡ್ಬೇಕು.”

ಕೊಡುತ್ತೇನೆ ಎಂದೆ. ಸಾಯುವವರಿಗೆ ಇನ್ನೇನು ಹೇಳುವುದು? ಅಂದಿನಿಂದ ಲೋಟ ನಮ್ಮ ಮನೆಯ ನೆತ್ತಿಯ ತೊಲೆಯ ಮೇಲೆ, ಒಡೆಯದೆ, ಯಾರೂ ಕುಡಿಯದೆ ಉಳಿಯಿತು. ಇಡೀ ಸ್ಮಶಾನದಲ್ಲಿ ಬೋಳಾಗಿದ್ದದ್ದು ಆ ಎರಡೇ ಗೋರಿ. “ಏನ್ ಟೈರಾ, ಅತ್ತೆಗೊಂದು ಲೋಟ ಕೊಡಾಕೂ ಕೈ ಬರಾಕಿಲ್ವಾ?” ಎಂದು ಹೊಸಬರು ಚುಚ್ಚುತ್ತಿದ್ದರು. ಮಿಸೆಸ್ ಹಾಲ್ಕಂಬ್ ಸತ್ತಳು, ದೊಡ್ಡಮನೆ ಮಾರಿಹೋಯಿತು, ಹೂಜಿ ಚಾರ್ಲ್ಸ್‌ಟನ್ ಪಟ್ಟಣದಲ್ಲಿದ್ದ ಅವಳ ಮೊಮ್ಮಗಳ ಪಾಲಾಯಿತು ಎಂದು ಕೇಳಿದೆ. ಇನ್ನು ಮುಗಿಯಿತು ಎಂದುಕೊಂಡಿದ್ದೆ.

ಅತ್ತೆ ಸತ್ತು ಹದಿನಾಲ್ಕು ವರ್ಷದ ಮೇಲೆ ಅದು ಗಾಜಿನ ಪೆಟ್ಟಿಗೆಯಲ್ಲಿ ಕಂಡಿತು. ಅದಕ್ಕೇ ಮೈ ಉರಿದದ್ದು.

ಮೊದಲು ಮರ್ಯಾದೆಯಿಂದಲೇ ಕೇಳಿದೆ. ಆ ಹೆಂಗಸರ ಸಂಘದ ಅಧ್ಯಕ್ಷೆಯಮ್ಮ ಮೃದು ಮಾತಿನವಳು. ಅದು ನನ್ನ ಮಾವನ ಗೋರಿಯದ್ದು, ಚೀಟಿಯಲ್ಲಿರುವುದು ನಿಜವಲ್ಲ ಎಂದು ಎಲ್ಲ ಬಿಡಿಸಿ ಹೇಳಿದೆ. ಅವಳು ನನ್ನ ತೋಳು ತಟ್ಟಿದಳು.

“ಟೈರಾ, ನಿಮ್ಮ ಜನ ಎಷ್ಟು ಚೆನ್ನಾಗಿ ಕತೆ ಹೇಳ್ತೀರಿ! ಆದ್ರೆ ಇದು ಇತಿಹಾಸ ಕಣಮ್ಮ. ನ್ಯಾಪ್ಕಿನ್ನಿಗೆ ಗಂಜಿ ಸ್ವಲ್ಪ ಕಡಿಮೆ ಹಾಕು.”

ಗಂಜಿ ಕಡಿಮೆ ಹಾಕಿದೆ. ಆ ವಾರ ಒಗೆಯುವ ಬಟ್ಟೆ ಬಹಳವಿತ್ತು. ಪೆಟ್ಟಿಗೆಯ ಬೀಗದ ಕೈ ಎಲ್ಲಿರುತ್ತದೆಂದು ಒರೆಸುವವಳಿಗಲ್ಲದೆ ಇನ್ಯಾರಿಗೆ ಗೊತ್ತು? ಮೇಜಿನ ಬಟ್ಟೆಗಳ ನಡುವೆ ಹೂಜಿ ಇಟ್ಟು, ಬುಟ್ಟಿ ತಲೆಯ ಮೇಲೆ ಹೊತ್ತು, ಹಾಡುಹಗಲಲ್ಲಿ ಅಮೃತಶಿಲೆಯ ಸಿಪಾಯಿಯ ಮುಂದೆಯೇ ನಡೆದೆ. ದಾರಿಯಲ್ಲಿ ಆ ವಕೀಲ ಎದುರಾಗಿ, “ಭಾರ ಇದೆಯೇನಮ್ಮ?” ಎಂದ. “ರೂಢಿಯಾಗೈತೆ ಸ್ವಾಮಿ” ಎಂದೆ. ಕಟ್ಟೆಯಲ್ಲಿ ದೋಣಿ ಹಿಡಿದಿದ್ದ ಮಿಂಗೋ ಬುಟ್ಟಿಯೊಳಗೆ ನೋಡಿ ಹುಟ್ಟು ಹಾಕಿದ. ಅವನ ಗಡ್ಡದಿಂದ ಕಣ್ಣೀರು ಇಳಿಯುತ್ತಿತ್ತು.

ಸಂಜೆಯ ಬೆಳಕಿರುವಾಗಲೇ ತೊಲೆಯ ಮೇಲಿನ ಲೋಟ ಇಳಿಸಿ, ಮೊಳೆ ಇಟ್ಟು, ಕಲ್ಲಿನಲ್ಲಿ ಹೊಡೆದೆ. ಇಬ್ಬರಿಗೂ ಒಂದೇ ದಿನ ಕೊಟ್ಟೆ.

ಆಮೇಲೆ ಗುದ್ದಲಿ ಹಿಡಿದು, ನನ್ನನ್ನು ಹಿಡಿಯಲು ಬರುವ ಶೆರೀಫನಿಗಾಗಿ ಕಾದೆ. ಬಂದರೆ ಏನು ಹೇಳಬೇಕೆಂದು ಎಲ್ಲ ಹೊಂದಿಸಿಕೊಂಡಿದ್ದೆ: ಸಿಲ್ವಿ, ಜೂಬಾ, ಬ್ರಿಸ್ಟಲ್‌ನ ಪಟ್ಟಿ, ಹುಲ್ಲಿನ ಚೌಕ. ಯಾರೂ ಬರಲಿಲ್ಲ. ಮುಂದಿನ ವಾರ ಒಗೆದ ಬಟ್ಟೆ ಹೊತ್ತು, ಎದೆ ಗಟ್ಟಿ ಮಾಡಿಕೊಂಡು ಕೆಲಸಕ್ಕೆ ಹೋದೆ.

ಗಾಜಿನ ಪೆಟ್ಟಿಗೆಯಲ್ಲಿ ಹೂಜಿ ಇತ್ತು! ಹಸಿರು ಹೂವಿನ ಬೇರೊಂದು ಹೂಜಿ, ಅಂಗಡಿಯ ಹೊಳಪಿನದು. ತಳವನ್ನು ಹೊಸದಾಗಿ ಒಡೆದಿದ್ದರು, ಅಂಚು ಇನ್ನೂ ಬೆಳ್ಳಗಿತ್ತು. ಪಕ್ಕದಲ್ಲಿ ಅದೇ ಮುದ್ದಾದ ಅಕ್ಷರದ ಅದೇ ಚೀಟಿ. ನನ್ನತ್ತೆ ಮೂವತ್ತೆರಡು ವರ್ಷ ಬೇಡಿದ ಹೂಜಿಯ ಜಾಗಕ್ಕೆ ಅವರಿಗೆ ಯಾವುದಾದರೂ ಆಗುತ್ತಿತ್ತು.

ಅಧ್ಯಕ್ಷೆಯಮ್ಮ ಹಿಂದೆ ಬಂದು ನಿಂತಳು. ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

“ಗಾಜು ಹುಷಾರಾಗಿ ಒರೆಸು ಟೈರಾ” ಎಂದಳು. “ಒಳಗಿರೋದು ತುಂಬಾ ಹಳೇದು.”

ಒರೆಸಲಿಲ್ಲ. ಬಟ್ಟೆಯನ್ನು ಆ ಪೆಟ್ಟಿಗೆಯ ಮೇಲೆಯೇ ಬಿಟ್ಟು ಬಂದೆ. ಮನೆ ಸೇರುವ ಹೊತ್ತಿಗೆ ಮಳೆ ಹಿಡಿಯಿತು. ತೊರೆಯ ದಂಡೆಗೆ ಹೋಗಿ ನೋಡಿದೆ. ಹೂಜಿಯೊಳಗೆ ಬಿದ್ದ ನೀರು ಒಂದು ಕ್ಷಣವೂ ನಿಲ್ಲದೆ ಕೆಳಗೆ ಇಳಿಯುತ್ತಿತ್ತು.